ಪೂರ್ವಕ್ಕೆ ಮಲೀಕಸಾಬರ ಮನೆ

ಧಬ್, ಧಬ್, ಧಬ್. ಫೆಬ್ರುವರಿ ಬಂತೆಂದರೆ ನವನಗರದ ಆ ರಸ್ತೆಗೆ ಬೆಳಗಾಗುವುದು ಖಾರ ಕುಟ್ಟುವ ಮಷೀನಿನ ಸದ್ದಿನಿಂದ. ಕಬ್ಬಿಣದ ಒನಕೆಗಳು ಒಂದಾದ ಮೇಲೊಂದು ಎದ್ದು ಬೀಳುತ್ತವೆ. ನಡುನಡುವೆ ಯಾರೋ ಸೀನುತ್ತಾರೆ. ಅದರ ಎದುರಿಗೆ ತಮ್ಮ ಮನೆಯ ಕಟ್ಟೆಯ ಮೇಲೆ ಮಲೀಕಸಾಬರು ಮೂಗಿಗೆ ಕರವಸ್ತ್ರ ಹಿಡಿದು ಕುಳಿತಿದ್ದರು. ಇನ್ನೊಂದು ಕೈಯಲ್ಲಿ ಮೊಬೈಲು. ಅದನ್ನು ಕಣ್ಣಿಗೆ ಹತ್ತಿರ ತಂದು, ಮತ್ತೆ ದೂರ ಮಾಡಿ, ತಾವೇ ಬರೆದ ದಾನಪತ್ರವನ್ನು ಮೂರನೆಯ ಸಲ ಓದುತ್ತಿದ್ದರು.

"ಎಷ್ಟ ಸಲ ಓದ್ತೀರಿ? ಯಾರಿಗರೆ ಬಾಯಿಪಾಠ ಒಪ್ಪಸೂದೈತೇನು?" ಎಂದರು ಹೆಂಡತಿ ರಂಜಾನಬಿ, ಚಹಾದ ಬಟ್ಟಲು ಇಡುತ್ತಾ.

"ಬಾಯಿಪಾಠ ಆಗೇಬಿಟ್ಟೈತಿ. ಅದ ತ್ರಾಸ. ಕಣ್ಣು ಮುಂದ ಓಡ್ತೈತಿ, ತಲಿ ಹಿಂದ ಕುಂತು ಹೂಂ ಹೂಂ ಅಂತೈತಿ."

ಮಲೀಕಸಾಬರಿಗೆ ಅರವತ್ತನಾಲ್ಕು. ಆಸ್ತಿ ಕೊಡುವವರಿಗೆ, ಕೊಳ್ಳುವವರಿಗೆ, ಹಂಚಿಕೊಳ್ಳುವ ಅಣ್ಣತಮ್ಮಂದಿರಿಗೆ ಪತ್ರ ಬರೆದುಕೊಡುವುದು ಅವರ ಕಸುಬು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಹಳೇ ಬಾಗಲಕೋಟೆಯಲ್ಲಿ ಬೇವಿನ ಗಿಡದ ನೆರಳಿಗೆ ಮೇಜು ಹಾಕಿದವರು. ಮಸಿ ಪೆನ್ನು, ದುಂಡನೆಯ ಅಕ್ಷರ, ಹೊಡೆದುಹಾಕಿದ ಗೆರೆ ಕಾಣದ ಪುಟ. ಆಲಮಟ್ಟಿಯ ಹಿನ್ನೀರು ಬರುತ್ತದೆಂದು ಊರೇ ಗಂಟು ಕಟ್ಟಿದಾಗ ಆ ಮೇಜೂ ಟ್ರ್ಯಾಕ್ಟರ್ ಹತ್ತಿ ನವನಗರಕ್ಕೆ ಬಂತು. ಒಂದೇ ಓಣಿಯಲ್ಲಿ ಗೋಡೆಗೆ ಗೋಡೆ ಹಚ್ಚಿಕೊಂಡು ಬಾಳಿದವರು ಇಲ್ಲಿ ಬೇರೆ ಬೇರೆ ಸೆಕ್ಟರುಗಳಿಗೆ ಚದುರಿಹೋದರು.

ಐವತ್ತೆಂಟಕ್ಕೆ ಅವರು ಕಂಪ್ಯೂಟರ್ ಕಲಿತರು. ಕಲಿಸಿದವಳು ನೋಂದಣಿ ಕಚೇರಿಯ ಹತ್ತಿರ ಟೈಪಿಂಗ್ ಅಂಗಡಿ ಇಟ್ಟಿರುವ ವಿದ್ಯಾಗಿರಿಯ ಶೀಲಾ. ಎರಡು ಬೆರಳಿನಿಂದ, ಕೋಳಿ ಕಾಳು ಹೆಕ್ಕಿದಂತೆ ಬಡಿದರೂ, ಪತ್ರದ ಪ್ರತಿ ಸಾಲನ್ನೂ ಅವರೇ ಬರೆಯಬೇಕು. ಮೊದಮೊದಲು ಕರಡು ಮುಗಿದ ಕೂಡಲೇ ಕಾಗದದ ಮೇಲೆ ತೆಗೆದುಕೊಡು ಎನ್ನುತ್ತಿದ್ದರು. ಶೀಲಾ ಬಿಡಲಿಲ್ಲ. "ಚಾಚಾ, ಕಾಗದ ಯಾಕ ಹಾಳ ಮಾಡ್ತೀರಿ? ಇಲ್ಲೇ ಕಾಣಸ್ತೈತಲ್ಲ. ಬೇಕಾದ್ರ ಒಂದೊಂದು ಅಕ್ಷರ ಕುಂಬಳಕಾಯಿಯಷ್ಟು ದೊಡ್ಡದು ಮಾಡಿಕೊಡ್ತೇನಿ." ಬರಬರುತ್ತ ಅವರಿಗೂ ಅದೇ ಸುಲಭವೆನಿಸಿತು. ತಪ್ಪಿದರೆ ಅಳಿಸುವುದು, ಮನೆಗೆ ಬಂದು ಮೊಬೈಲಿನಲ್ಲಿ ಇನ್ನೊಮ್ಮೆ ನೋಡುವುದು, ಮುಗಿಯಿತು.

ನಲವತ್ತು ವರ್ಷದಲ್ಲಿ ಅವರ ಕೈತಪ್ಪಿನಿಂದ ಒಂದೂ ತಿದ್ದುಪಡಿ ಪತ್ರ ಆಗಿರಲಿಲ್ಲ. ಅದನ್ನು ತಾವಾಗಿ ಹೇಳಿಕೊಳ್ಳುತ್ತಿರಲಿಲ್ಲ; ಬೇರೆ ಯಾರಾದರೂ ಹೇಳಿದರೆ ಮಾತ್ರ ಸುಮ್ಮನೆ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದರು.

ಈಗ ಕೈಯಲ್ಲಿದ್ದದ್ದು ಗುರುಲಿಂಗವ್ವನ ದಾನಪತ್ರ. ಗುರುಲಿಂಗವ್ವ ಹಳೇ ಊರಿನಲ್ಲಿ ಅವರ ಪಕ್ಕದ ಮನೆಯವರು. ವಯಸ್ಸು ಎಂಬತ್ತೊಂದು, ಮಕ್ಕಳಿಲ್ಲ. ಹದಿನಾಲ್ಕು ವರ್ಷದಿಂದ ಅವರನ್ನು ನೋಡಿಕೊಂಡವಳು ತೀರಿಹೋದ ತಂಗಿಯ ಮಗಳು, ಹುನಗುಂದದ ಕಡೆಯ ಮಾಯವ್ವ. ನವನಗರದ ಮನೆಯನ್ನು ಅವಳ ಹೆಸರಿಗೆ ಮಾಡಬೇಕೆಂದು ಮುದುಕಿ ಹೊರಟಾಗ ಆಕೆಯ ಗಂಡನ ಕಡೆಯ ಸಂಬಂಧಿ ಶ್ರೀಶೈಲ ಬಂದು ಬಾಗಿಲಲ್ಲಿ ನಿಂತು ಹೇಳಿದ್ದ: "ಬರೀರಿ, ಬರೀರಿ. ಪತ್ರದಾಗ ಒಂದು ಕಡ್ಡಿ ಅಡ್ಡಾದಿಡ್ಡಿ ಇರಲಿ, ಕೋರ್ಟಿಗಿ ಎಳದು ಇಕಿನ್ನ ಹೊರಗ ಹಾಕಸ್ತೇನಿ." ನಾಳೆಯೇ ಗುರುಲಿಂಗವ್ವ ಎದೆಯ ಆಪರೇಷನ್ನಿಗೆ ಹುಬ್ಬಳ್ಳಿಗೆ ಹೋಗಬೇಕಿತ್ತು. ನೋಂದಣಿಗೆ ಸಿಕ್ಕ ಸಮಯ ಇವತ್ತು ಮಧ್ಯಾಹ್ನ ಎರಡೂವರೆ. ಇದು ತಪ್ಪಿದರೆ ಮುಂದಿನ ಮಾತು ಯಾರ ಕೈಯಲ್ಲೂ ಇರಲಿಲ್ಲ.

ಹಿಂದಿನ ದಿನ ಶೀಲಾಳ ಅಂಗಡಿಯಲ್ಲಿ ಮುದುಕಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮಾಯವ್ವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಮಲೀಕಸಾಬರು ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದಿ ಹೇಳಿದ್ದರು. ಕೊನೆಗೆ ಚೆಕ್ಕುಬಂದಿ ಬಂತು. ಮನೆಯ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಹೇಳುವ ಭಾಗ ಅದು.

"ಪೂರ್ವಕ್ಕೆ, ಮಲೀಕಸಾಬ ತಂದೆ ಅಬ್ದುಲಸಾಬ ಇವರ ಮನೆ."

"ಹೂಂ," ಎಂದರು ಗುರುಲಿಂಗವ್ವ, ಕಣ್ಣು ಮುಚ್ಚಿಕೊಂಡೇ.

"ದಕ್ಷಿಣಕ್ಕೆ, ಓಣಿ. ಪಶ್ಚಿಮಕ್ಕೆ, ಹುಲ್ಲಪ್ಪನವರ ಹಿತ್ತಲು. ಉತ್ತರಕ್ಕೆ, ಹೊಳೆಗೆ ಹೋಗುವ ದಾರಿ."

"ಹೂಂ. ಬರೋಬ್ಬರಿ ಐತಿ ನೋಡು." ಮುದುಕಿಯ ಮುಖ ಬಿಸಿಲಿಗೆ ಕುಳಿತವರ ಮುಖದಂತೆ ಅರಳಿತ್ತು. ಆಮೇಲೆ ಕಣ್ಣು ತೆರೆದು ಪರದೆಯನ್ನು ಅನುಮಾನದಿಂದ ನೋಡಿದರು. "ಮಲೀಕಾ, ಅದರಾಗಿಂದು ನನ್ನ ಕೈಗಿ ಸಿಗೂದಿಲ್ಲ. ಒಂದು ಕಾಗದದ ಮ್ಯಾಲ ಮಾಡಿಸಿ ತಾ. ಹೆಬ್ಬೆಟ್ಟು ಒತ್ತೂಕಿಂತ ಮೊದಲ ದೇವರ ಜಗಲಿ ಮ್ಯಾಲ ಇಡ್ತೇನಿ."

ಹಾಗಾಗಿ ಇವತ್ತು ಹನ್ನೊಂದರ ಸುಮಾರಿಗೆ ಮಲೀಕಸಾಬರು ಬಿಳಿ ಹಾಳೆಯ ಮೇಲೆ ಕರಡು ತೆಗೆಸಿಕೊಂಡು, ಟಂಟಂ ರಿಕ್ಷಾದಲ್ಲಿ ಕುಳಿತು ಗುರುಲಿಂಗವ್ವನ ಸೆಕ್ಟರಿಗೆ ಬಂದರು. ಮಾಯವ್ವ ಹಾಳೆಗಳನ್ನು ಒಳಗೊಯ್ದಳು. ಸ್ವಲ್ಪ ಹೊತ್ತಿನಲ್ಲಿ ತಿರುಗಿ ತಂದು ಕೊಟ್ಟಳು. ಮೇಲಿನ ಹಾಳೆಗೆ ಮೂರು ಬೆರಳಿನ ವಿಭೂತಿ ಹತ್ತಿತ್ತು.

"ದೊಡ್ಡವ್ವನ ಪೂಜಿ ಇನ್ನೂ ಮುಗಿದಿಲ್ಲರಿ ಕಾಕಾ. ಕುಂದರ್ರಿ, ಚಾ ಮಾಡ್ತೇನಿ."

ಅವರು ಕೂರಲಿಲ್ಲ. ಕೈಯಲ್ಲಿ ಕಾಗದವಿತ್ತು, ಎದುರಿಗೆ ಆ ಕಾಗದದ ಮನೆಯೇ ಇತ್ತು. ಹಳೇ ಊರಿನಲ್ಲಿ ಕರಡು ಮುಗಿದ ಮೇಲೆ ಅವರು ಮನೆಯ ಸುತ್ತ ಒಂದು ಸುತ್ತು ಹಾಕುತ್ತಿದ್ದರು. ಒಂದೊಂದು ಗೋಡೆಗೆ ನಿಂತು ಅದರ ಸಾಲನ್ನು ಓದುವುದು, ತಲೆ ಎತ್ತಿ ನೋಡುವುದು, ಕಂಡರೆ ಪೆನ್ನಿನಿಂದ ಒಂದು ಚುಕ್ಕೆ ಇಡುವುದು. "ಬಂದ್ರಪಾ ಸಾಬರು, ಮನಿ ಪ್ರದಕ್ಷಿಣಿ ಹಾಕಾಕ" ಎಂದು ಓಣಿಯ ಹೆಂಗಸರು ನಗುತ್ತಿದ್ದರು. ಕಂಪ್ಯೂಟರನ್ನು ಹೊತ್ತು ಯಾರ ಮನೆ ಸುತ್ತುವುದು? ಅಭ್ಯಾಸ ಯಾವಾಗ ಬಿಟ್ಟುಹೋಯಿತೆಂದು ಅವರಿಗೇ ನೆನಪಿರಲಿಲ್ಲ. ಆದರೆ ಕಾಲಿಗೆ ನೆನಪಿತ್ತು.

ಮನೆಯ ಪೂರ್ವದ ಗೋಡೆಗೆ ಬಂದು ನಿಂತರು. ಓದಿದರು: ಪೂರ್ವಕ್ಕೆ, ಮಲೀಕಸಾಬ ತಂದೆ ಅಬ್ದುಲಸಾಬ ಇವರ ಮನೆ.

ತಲೆ ಎತ್ತಿದರು.

ಎದುರಿಗೆ ಖಾಲಿ ಜಾಗ. ಜಾಲಿಯ ಕಂಟಿ, ಒಡೆದ ನೀರಿನ ಟಾಕಿ, ಅದರ ನೆರಳಿಗೆ ಮಲಗಿದ ಆಡು. ಆಡು ಅವರನ್ನು ನೋಡಿ ಮೆಲುಕು ನಿಲ್ಲಿಸಿತು.

ತಮ್ಮ ಹೆಸರನ್ನು ಮತ್ತೊಮ್ಮೆ ಓದಿಕೊಂಡರು. ಅವರ ಮನೆ ಇಲ್ಲಿಂದ ಎರಡು ಮೈಲು ದೂರದ ಇನ್ನೊಂದು ಸೆಕ್ಟರಿನಲ್ಲಿತ್ತು. ಪತ್ರದಲ್ಲಿದ್ದ ಮನೆ, ಅದರ ಪೂರ್ವದ ತಮ್ಮ ಮನೆ, ಹುಲ್ಲಪ್ಪನ ಹಿತ್ತಲು, ಹೊಳೆಯ ದಾರಿ, ನಾಲ್ಕೂ ದಿಕ್ಕು ಇಪ್ಪತ್ತು ವರ್ಷಗಳಿಂದ ನೀರಿನಡಿಯಲ್ಲಿದ್ದವು. ಪ್ಲಾಟ್ ನಂಬರು, ಅಳತೆ ಎಲ್ಲವನ್ನೂ ಹಕ್ಕುಪತ್ರ ನೋಡಿ ಬರೆದಿದ್ದರು. ಚೆಕ್ಕುಬಂದಿಗೆ ಬಂದಾಗ ಮಾತ್ರ ಕಾಗದ ನೋಡಿರಲಿಲ್ಲ. ಗುರುಲಿಂಗವ್ವನ ಮನೆಯ ಚೆಕ್ಕುಬಂದಿಯನ್ನು ಯಾರಾದರೂ ನೋಡಿ ಬರೆಯುತ್ತಾರೆಯೇ?

ಗೋಡೆಗೆ ಕೈ ಊರಿದರು. ಪರದೆಯ ಮೇಲೆ ಎರಡು ಸಲ, ಮೊಬೈಲಿನಲ್ಲಿ ಮೂರು ಸಲ. ಐದು ಸಲವೂ ಆ ಸಾಲಿನ ಮೇಲೆ ತಮ್ಮ ಹೆಸರು ಹಾದುಹೋಗಿತ್ತು. ತಮ್ಮ ಮನೆಯೊಳಗೆ ತಾವೇ ಓಡಾಡಿದಂತೆ ಓಡಾಡಿ ಬಂದಿದ್ದರು.

ಇನ್ನೂ ಮೂರು ತಾಸು ಇತ್ತು. ಶೀಲಾಳಿಗೆ ಫೋನು ಮಾಡಿ ನಾಲ್ಕು ಸಾಲು ಬದಲಿಸು ಎಂದರೆ ಸಾಕು. ಮುದುಕಿಗೆ ಓದಲು ಬಾರದು. ಮಾಯವ್ವ ಕೇಳುವವಳಲ್ಲ. ನಲವತ್ತು ವರ್ಷದ ಹೆಸರು ಇದ್ದಲ್ಲೇ ಇರುತ್ತಿತ್ತು. ಅವರು ಫೋನು ಹೊರಗೆ ತೆಗೆದರು ಕೂಡ. ಆದರೆ ನಿನ್ನೆ ಆಕೆ ಹೂಂ ಎಂದದ್ದು ಈ ಸಾಲುಗಳಿಗೆ. ಹೂಂ ಎನ್ನದ ಸಾಲಿನ ಕೆಳಗೆ ಹೆಬ್ಬೆಟ್ಟು ಒತ್ತಿಸಿದ ಪತ್ರ ಅವರ ಕೈಯಿಂದ ಇದುವರೆಗೆ ಹೋಗಿರಲಿಲ್ಲ. ಫೋನನ್ನು ಜೇಬಿಗೆ ಹಾಕಿ ಒಳಗೆ ಹೋದರು.

"ಯಕ್ಕಾ, ನನ್ನಿಂದ ತಪ್ಪಾಗೈತಿ."

ಗುರುಲಿಂಗವ್ವ ಲಿಂಗವನ್ನು ಕರಡಿಗೆಯಲ್ಲಿ ಇಡುತ್ತಿದ್ದರು. "ಏನ್ ತಪ್ಪು?"

"ಚೆಕ್ಕುಬಂದಿ ಹಳೇ ಮನೀದು ಬರದೀನಿ. ನೀರಾಗಿನ ಮನೀದು."

ಮುದುಕಿ ಕರಡಿಗೆಯ ಮುಚ್ಚಳ ಹಾಕಿದರು. ಅಡುಗೆಮನೆಯಲ್ಲಿ ಚಹಾ ಉಕ್ಕಿದ ವಾಸನೆ ಬಂತು. ಆಮೇಲೆ ಅವರ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದು ಮಲೀಕಸಾಬರು ಗಾಬರಿಯಾದರು. ಗುರುಲಿಂಗವ್ವ ನಗುತ್ತಿದ್ದರು.

"ನೀ ಬರದಿ, ಖರೆ. ನಾ ಹೂಂ ಅಂದ್ನೆಲ್ಲೋ! ನಿನಗ ಬುದ್ಧಿ ಇಲ್ಲ, ನನಗ ಎಲ್ಲೈತಿ? ನೀ ಓದುಮುಂದ ನಾ ನಿಮ್ಮ ಬಚ್ಚಲ ಗ್ವಾಡಿ ಮ್ಯಾಲ ಕೌದಿ ಒಣಗಹಾಕಾಕತ್ತಿದ್ದೆ."

ಬಾಗಿಲಲ್ಲಿ ಮಾಯವ್ವ ಬಟ್ಟಲು ಹಿಡಿದು ನಿಂತಿದ್ದಳು. "ನನಗ ನಿನ್ನೇನ ಬ್ಯಾರೆ ಅನಿಸಿತ್ತರಿ ಕಾಕಾ," ಎಂದಳು ಮೆಲ್ಲಗೆ. "ಇಲ್ಲೆಲ್ಲಿ ಹೊಳಿ ಅಂತ."

"ಹಂಗಾರ ಬಾಯಿ ಯಾಕ ತಗೀಲಿಲ್ಲವಾ ತಾಯಿ?"

"ನೀವಿಬ್ರೂ ಭಾಳ ಖುಷಿಲೆ ಇದ್ರಿ. ದೊಡ್ಡವರು, ಪತ್ರದಾಗ ಹಂಗ ಬರೀತಾರೇನೋ ಅಂದ್ಕೊಂಡ್ನಿ. ಮತ್ತ ಮನಿ ನನಗ ಬರೂದು. ನಾ ಹೆಂಗ ನಡುವ ಬಾಯಿ ಹಾಕ್ಲಿ?"

ಮಲೀಕಸಾಬರಿಗೆ ಬಟ್ಟಲು ಹಿಡಿದ ಅವಳ ಕೈ ಕಂಡಿತು. ಪಾತ್ರೆ ತಿಕ್ಕಿ ತಿಕ್ಕಿ ಉಗುರು ಸವೆದ ಕೈ. ಇಂದು ಮಧ್ಯಾಹ್ನ ಈ ಪತ್ರ ಹಾಗೆಯೇ ನೋಂದಣಿಯಾಗಿದ್ದರೆ, ಶ್ರೀಶೈಲ ಅದನ್ನು ಹಿಡಿದು ಮೊದಲು ತೋರಿಸುತ್ತಿದ್ದದ್ದು ಆ ನಾಲ್ಕು ಸಾಲು. ಅವಳಿಗೆ ಹೊಳೆಯ ತಳದಲ್ಲಿ ಮನೆ ಬರೆದುಕೊಟ್ಟು ತಾವು ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ಮನೆಗೆ ಹೋಗಿರುತ್ತಿದ್ದರು. ಬಟ್ಟಲು ತೆಗೆದುಕೊಂಡು ಕೆಳಗಿಟ್ಟು, ಪೆನ್ನು ತೆಗೆದರು.

"ಹೇಳ್ರಿ ಯಕ್ಕಾ. ಪೂರ್ವಕ್ಕ ಯಾರ ಜಾಗ ಅದು?"

ಗುರುಲಿಂಗವ್ವ ಯೋಚಿಸಿದರು. ಮಾಯವ್ವನ ಕಡೆ ನೋಡಿದರು. "ಯಾರದ ಅದು?"

"ಇಳಕಲ್ಲಿನವರದರಿ. ಕಟ್ಟಸ್ತೇವಿ ಕಟ್ಟಸ್ತೇವಿ ಅಂತಾರ, ಬರೂದಿಲ್ಲ."

"ಪಶ್ಚಿಮಕ್ಕ?"

ಮುದುಕಿ ಅದನ್ನೂ ಅವಳಿಗೇ ಬಿಟ್ಟರು. ಇಪ್ಪತ್ತು ವರ್ಷ ಈ ಮನೆಯಲ್ಲಿ ಮಲಗಿ ಎದ್ದವರಿಗೆ ಅದರ ಒಂದು ದಿಕ್ಕೂ ಬಾಯಿಗೆ ಬರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಬಂದ ಮಾಯವ್ವನಿಗೆ ಎಲ್ಲ ಗೊತ್ತಿತ್ತು. ಪಶ್ಚಿಮದ ಮತೀನರ ಮನೆಯಿಂದ ರಂಜಾನಿಗೆ ಬರುವ ಸುರಕುಂಬಾ ಪಾಯಸ, ಹಿಂದಿನ ಸಂಗಯ್ಯನವರ ಮನೆಯ ನಲ್ಲಿ ನೀರು ಯಾವಾಗ ನಿಲ್ಲುತ್ತದೆ, ಮುಂದಿನ ರಸ್ತೆಗೆ ಡಾಂಬರು ಬಿದ್ದ ವರ್ಷ. ಅವಳು ಮುಂದೆ ಮುಂದೆ ನಡೆದಳು. ಮಲೀಕಸಾಬರು ಹಿಂದೆ ಹಿಂದೆ ಹೋಗಿ, ಹಕ್ಕುಪತ್ರದ ನಂಬರಿಗೆ ತಾಳೆ ನೋಡಿ, ಹಳೆಯ ಸಾಲಿನ ಮೇಲೆ ಒಂದೊಂದೇ ಗೆರೆ ಎಳೆದು, ವಿಭೂತಿಯ ಪಕ್ಕದಲ್ಲಿ ದುಂಡನೆಯ ಅಕ್ಷರದಲ್ಲಿ ಬರೆದುಕೊಂಡರು. ತಮ್ಮ ಹೆಸರಿನ ಮೇಲೆ ಗೆರೆ ಎಳೆಯುವಾಗ ಪೆನ್ನು ಒಂದು ಕ್ಷಣ ನಿಂತಿತು, ಅಷ್ಟೇ.

ದೇವರ ಜಗಲಿಯ ಮುಂದೆ ಕುಳಿತು ಹೊಸ ಸಾಲುಗಳನ್ನು ಓದಿ ಹೇಳಿದರು. ಗುರುಲಿಂಗವ್ವ ಈ ಸಲ ಕಣ್ಣು ತೆರೆದೇ ಕೇಳಿದರು. ಒಂದೊಂದು ದಿಕ್ಕಿಗೂ ಮಾಯವ್ವನ ಮುಖ ನೋಡಿ, ಅವಳು ತಲೆ ಆಡಿಸಿದ ಮೇಲೆ ಹೂಂ ಎಂದರು.

ಒಂದೂವರೆಗೆ ಅವರು ಅಂಗಡಿಯಲ್ಲಿ ಹೊಸ ಸಾಲುಗಳನ್ನು ತಾವೇ ಬಡಿಯುವಾಗ ಶೀಲಾ ಬಗ್ಗಿ ನೋಡಿದಳು. "ಅಯ್ಯ, ನಿಮ್ಮ ಹೆಸರು ನಾನೂ ನೋಡೀನಿ ಚಾಚಾ. ಅವರ ಬಾಜೂಕ ಇರ್ತೀರಿ ಅಂದ್ಕೊಂಡೆ!" ಎಂದು ನಾಲಗೆ ಕಚ್ಚಿದಳು. ಅವರು ಹಾಳೆ ತೆಗೆಸಿಕೊಂಡು, ಮೆಟ್ಟಿಲ ಮೇಲೆ ಕುಳಿತು, ಪ್ರತಿ ಸಾಲಿನ ಕೆಳಗೂ ಪೆನ್ನು ಹಿಡಿದು ಓದಿದರು. ಎರಡೂವರೆಗೆ ಕರೆ ಬಂತು. ಹೆಬ್ಬೆಟ್ಟು, ಫೋಟೋ, ಸಾಕ್ಷಿ. ಮೂರೂಕಾಲಿಗೆ ಪತ್ರ ಮಾಯವ್ವನ ಕೈಗೆ ಬಂತು. ಅವಳು ಅದನ್ನು ಸೆರಗಿನಲ್ಲಿ ಹಿಡಿದಳು, ಬಿಸಿ ರೊಟ್ಟಿ ಹಿಡಿದ ಹಾಗೆ.

ಟಂಟಂ ಹತ್ತಿಸುವಾಗ ಗುರುಲಿಂಗವ್ವ ಅವರ ತೋಳು ಹಿಡಿದರು. "ಇನ್ನ ನನ್ನ ಕುಯ್ಯಲಿ, ಹರೀಲಿ, ನನಗ ಹೆದರಿಕಿಲ್ಲ. ನೀ ಯಾಕೋ ಮಾರಿ ಸಣ್ಣದು ಮಾಡ್ಕೊಂಡಿ? ಎಲ್ಲಾ ಆತಲ್ಲ?"

"ನಿಮ್ದು ಆತು ಯಕ್ಕಾ. ಹುಷಾರಾಗಿ ಬರ್ರಿ."

ಗಾಡಿ ಹೋಯಿತು. ಶೀಲಾ ಅಂಗಡಿಯ ಬಾಗಿಲಿಗೆ ಬಂದು, "ಊಟ ಮಾಡಿಲ್ಲ ನೀವು. ಡಬ್ಬಿ ಐತಿ, ಬರ್ರಿ ಚಾಚಾ," ಎಂದು ಕೂಗಿದಳು.

ಮಲೀಕಸಾಬರು ಬಿಸಿಲಿನಲ್ಲೇ ನಿಂತು ಬೆರಳು ಮಡಿಸುತ್ತಿದ್ದರು. "ಶೀಲಾ, ಮೊನ್ನೆ ವಿದ್ಯಾಗಿರಿ ನಾಗಲಿಂಗನವರ ಪತ್ರ ಮೊಬೈಲದಾಗ ಓದಿ ಬರೋಬ್ಬರಿ ಐತಿ ಅಂದಿದ್ನೆಲ್ಲ, ಅದು ಇನ್ನೂ ಸಹಿ ಆಗಿಲ್ಲ. ಅವರೂ ನಮ್ಮ ಹಳೇ ಓಣಿಯವರ. ಅದನ್ನೊಂದು ಕಾಗದದ ಮ್ಯಾಲ ತಗಿ. ಬ್ಯಾಡ ಬ್ಯಾಡ, ನೀ ಆಮ್ಯಾಲ ತಗೊಂಡು ಬಾ, ನಾ ಮೊದಲ ಹೋಗಿ ಅವರ ಮನಿ ಮುಂದ ನಿಂತು..." ಎನ್ನುತ್ತ, ಡಬ್ಬಿಯ ಮಾತಿಗೆ ಕೈ ಬೀಸಿ, ರಸ್ತೆ ದಾಟಿ, ಎದುರಿನ ಗಾಡಿಗಳ ನಡುವೆ ಮಾತು ಕೇಳಿಸದಷ್ಟು ದೂರ ಹೋಗಿಬಿಟ್ಟರು.