ಮೀಸೆಯಲ್ಲಿದ್ದ ಅಗುಳು

ಅಪ್ಪ ಅಂಜಿದ್ದನ್ನು ನಾನು ನೋಡಿದ್ದು ಒಂದೇ ಸಲ. ಹತ್ತಿಮತ್ತೂರಿನ ನಮ್ಮ ಹೊಲದಲ್ಲಿ ಹೆಡೆ ಎತ್ತಿದ ಹಾವನ್ನು ಬಾರುಕೋಲಿನಿಂದ ಬದಿಗೆ ಸರಿಸಿ ಮತ್ತೆ ಎತ್ತು ಹೊಡೆದ ಮನುಷ್ಯ ಅವನು. ಅಂಥವನು ಒಂದು ವಾಸನೆಗೆ ಅಂಜಿದ, ಅದೂ ಇನ್ನೂ ಮೂಸಿ ನೋಡದ ವಾಸನೆಗೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಸವಣೂರಿನಲ್ಲಿ ಶಾಲೆಯ ಮಾಸ್ತರನಾಗಿದ್ದೆ. ಶನಿವಾರ ಮಧ್ಯಾಹ್ನ ಸೈಕಲ್ ಮೇಲೆ ಊರಿಗೆ ಬರುತ್ತಿದ್ದೆ. ಅಪ್ಪನ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟೊಂದು ಇತ್ತು. ಚೀಲ ಎತ್ತಿದರೆ ಇಳಿಯುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಹಾನಗಲ್ಲಿನಲ್ಲಿ ಬಾಡಿಗೆ ಮನೆಯೊಂದರಲ್ಲಿ ದವಾಖಾನೆ ಇಟ್ಟಿದ್ದ ಡಾಕ್ಟರರು ಬೆರಳಿನಿಂದ ಒತ್ತಿ ನೋಡಿ, ಕರುಳು ಇಳಿದಿದೆ, ಔಷಧ ಮೂಸಿಸಿ ಎಚ್ಚರ ತಪ್ಪಿಸಿ ಕೊಯ್ದು ಹೊಲಿಯಬೇಕು ಎಂದರು.

"ಅವಸರ ಏನಿಲ್ರಿ ಯಜಮಾನ್ರ. ಸುಗ್ಗಿ ಮುಗಿಸಿಕೊಂಡು ಬರ್ರಿ. ಆದ್ರ ಬರ್ರಿ. ಅದು ಒಂದಿನ ಹೊರಗ ಸಿಕ್ಕೊಂಡ್ರ ಆಮ್ಯಾಲೆ ನನ್ನ ಕೈಯಾಗ ಇರಂಗಿಲ್ಲ."

ಅವಸರವಿಲ್ಲ ಎಂದದ್ದೇ ಅಪ್ಪನಿಗೆ ಕಷ್ಟವಾಯಿತು. ಬಿದ್ದು ಕಾಲು ಮುರಿದಿದ್ದರೆ ಯಾರೋ ಎತ್ತಿಕೊಂಡು ಹೋಗುತ್ತಿದ್ದರು. ಇದಕ್ಕೆ ತಾನೇ ದಿನ ಗೊತ್ತು ಮಾಡಿ, ತನ್ನ ಕಾಲಿನಿಂದ ನಡೆದು ಹೋಗಿ ಮಲಗಬೇಕಿತ್ತು.

"ಕೊಯ್ಯೂದಕ್ಕ ನಾ ಅಂಜೂದಿಲ್ಲ ತಮ್ಮಾ," ಎಂದು ನನಗೆ ಒಂದು ಸಂಜೆ ಹೇಳಿದ. "ಕೊಯ್ಯುವಾಗ ನಾ ಅಲ್ಲಿ ಇರಂಗಿಲ್ಲಲ್ಲ, ಅದಕ್ಕ ಅಂಜತೇನಿ. ಅಷ್ಟೊತ್ತು ನಾ ಎಲ್ಲಿ ಇರತೇನಿ?"

ಅದರ ಉತ್ತರವನ್ನು ಅಪ್ಪ ಬೇರೆಯವರಲ್ಲಿ ಹುಡುಕಲು ಹೊರಟ. ಆ ಔಷಧ ಮೂಸಿ ಎದ್ದವರು ಎಲ್ಲಿದ್ದಾರೆಂದು ಕೇಳುತ್ತ ತಿರುಗಿದ. ಹಿರೇಕೆರೂರಿನ ದನದ ಸಂತೆಯಲ್ಲಿ ಒಬ್ಬ ಎತ್ತಿನ ವ್ಯಾಪಾರಿ ಸಿಕ್ಕ. ಹೋರಿ ತುಳಿದು ಮುರಿದ ಅವನ ಕಾಲನ್ನು ಎಚ್ಚರ ತಪ್ಪಿಸಿ ಕೂಡಿಸಿದ್ದರಂತೆ. ನಾನೂ ಜೊತೆಗಿದ್ದೆ.

"ಎಣಸು ಅಂತಾರ," ಎಂದು ಅವನು ತಂಬಾಕು ತಿಕ್ಕುತ್ತ ಹೇಳಿದ. "ಮಾರಿ ಮ್ಯಾಲೆ ಅರಿವಿ ಹಾಕತಾರ, ಹನಿ ಹನಿ ಬಿಡತಾರ, ಕೊಳತ ಹಣ್ಣಿನ ವಾಸನಿ ಬರತೈತಿ. ನಾ ಹದಿನಾಕರ ತನಕ ಎಣಿಸಿದೆ. ಹದಿನೈದು ಇನ್ನೂ ಬಂದಿಲ್ಲ ನೋಡು."

ಸುತ್ತ ನಿಂತವರು ನಕ್ಕರು. "ಔಷಧದಾಗ ಮನಸ್ಯಾ ಖರೇ ಮಾತಾಡತಾನಂತ. ಹೇಣ್ತಿನ್ನ ದೂರ ಕುಂದ್ರಸಿ ಮಲಕೋರಿ ಗೌಡ್ರ!" ಎಂದ ಒಬ್ಬ. ಅಪ್ಪನೂ ನಕ್ಕ. ಬಸ್ಸಿನಲ್ಲಿ ಮಾತ್ರ ನನ್ನ ಕಡೆ ತಿರುಗಿ, "ಹದಿನೈದು ಎಲ್ಲಿ ಹೋತು?" ಎಂದು ಕೇಳಿದ.

ಅಂದಿನಿಂದ ಅವನು ಎಣಿಸುವುದನ್ನು ರೂಢಿ ಮಾಡಿದ. ಕಣದಲ್ಲಿ ಕಾಳು ಅಳೆಯುವಾಗ ನಮ್ಮವರು ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅಪ್ಪನಿಗೆ ಬರುತ್ತಿದ್ದ ಎಣಿಕೆ ಅದೇ. ದನಕ್ಕೆ ಮೇವು ಹಾಕುತ್ತ, "ಲಾಭ, ಎರಡು, ಮೂರು" ಎಂದು ಗುಣುಗುವುದು ಕೇಳಿಸುತ್ತಿತ್ತು. ಇಪ್ಪತ್ತು ಮುಟ್ಟಿದರೆ ತಾನು ಗೆದ್ದೆ ಎಂದು ಅವನು ಲೆಕ್ಕ ಹಾಕಿದ್ದ.

ಆಮೇಲೆ ಮೂವರೂ ತಡಸಕ್ಕೆ ಹೋದೆವು. ತಡಸ ಅವ್ವನ ತವರು. ಅಲ್ಲಿ ಅವಳ ಬಾಲ್ಯದ ಗೆಳತಿಯೊಬ್ಬಳಿದ್ದಳು. ಆಕೆಯ ಗಂಡ ಬೆನ್ನ ಮೇಲಿನ ಗಡ್ಡೆ ತೆಗೆಸಿಕೊಳ್ಳಲು ದೂರದ ಊರಿನ ದವಾಖಾನೆಗೆ ನಡೆದು ಹೋಗಿದ್ದ. ತಿರುಗಿ ಬಂದದ್ದು ಚಕ್ಕಡಿಯಲ್ಲಿ, ಹೆಣವಾಗಿ. ಹೋಗುವುದು ಬೇಡ ಎಂದು ನಾನು ಹೇಳಿದೆ. ಎದ್ದವರನ್ನು ಕೇಳಿದ ಮೇಲೆ ಏಳದವನ ಮನೆಯಲ್ಲೂ ಕೇಳಬೇಕು ಎಂದ ಅಪ್ಪ.

ಆಕೆ ಚಾಪೆ ಹಾಸಿ ಕೂಡ್ರಿಸಿದಳು. ಅಳಲಿಲ್ಲ. ಅತ್ತು ಮುಗಿದು ವರ್ಷಗಳಾಗಿದ್ದವು.

"ಎದಿ ತಡೀಲಿಲ್ಲ ಅಂದ್ರು. ನಡುವ ಓಕಾರಿಕಿ ಬಂತಂತ, ಉಸರು ಕಟ್ಟಿತಂತ." ಆಮೇಲೆ ಅವ್ವನ ಕಡೆ ತಿರುಗಿ, "ಬಾಯಿಗೆ ಏನೂ ಕೊಡಬ್ಯಾಡ್ರಿ ಅಂದಿದ್ರು ಯಕ್ಕಾ. ನಾ ಕೇಳತೇನೇನ? ಸೆರಗಿನಾಗ ಮುಚ್ಚಿಕೊಂಡು ಹೋಗಿ ಎರಡು ರೊಟ್ಟಿ ಹಾಲಾಗ ನೆನಸಿ ತಿನಿಸಿದ್ದೆ. ಬರೇ ಹೊಟ್ಟಿಲೆ ಹೋಗಲಿಲ್ಲ. ಅದೊಂದ ನನಗ ಸಮಾಧಾನ."

ಅವ್ವ ಆಕೆಯ ಕೈ ಹಿಡಿದುಕೊಂಡು ತಲೆಯಾಡಿಸಿದಳು. ನಾನು ಅದನ್ನು ನೋಡಿದೆ, ಆದರೆ ಆಗ ಅದರಲ್ಲಿ ಏನೂ ಕಾಣಲಿಲ್ಲ. ಸಂತೆಗೆ ಹೋಗುವವರನ್ನೂ ಒಂದು ತುತ್ತು ಮೊಸರನ್ನ ಉಣ್ಣಿಸದೆ ಅವ್ವ ಹೊಸ್ತಿಲು ದಾಟಿಸಿದವಳಲ್ಲ.

ಸುಗ್ಗಿ ಮುಗಿಯಿತು. ಹಾನಗಲ್ಲಿಗೆ ಹೋದೆವು. ರೋಗಿಗಳ ಮನೆಯವರು ದವಾಖಾನೆಯ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡಿಕೊಳ್ಳುತ್ತಿದ್ದರು; ಅವ್ವನೂ ಹೂಡಿದಳು. ಸಂಜೆ ಡಾಕ್ಟರರು ನನ್ನನ್ನು ಪಕ್ಕಕ್ಕೆ ಕರೆದರು.

"ಮಾಸ್ತರ್, ಇನ್ನ ಏನೂ ಕೊಡಬಾರದು. ನೀರೂ ಬ್ಯಾಡ. ಎಚ್ಚರ ಇಲ್ಲದಾಗ ಹೊಟ್ಟ್ಯಾಗಿಂದು ಮ್ಯಾಲೆ ಬರತೈತಿ. ಉಗಳಾಕ ಮನಸ್ಯಾನ ಕೈಲೆ ಆಗೂದಿಲ್ಲ. ಉಸರಿನ ದಾರಿಗೆ ಇಳದುಬಿಟ್ರ ಮುಗೀತು."

ಹಾಲಿನಲ್ಲಿ ನೆನೆಸಿದ ಆ ಎರಡು ರೊಟ್ಟಿ ನನ್ನ ಕಣ್ಣ ಮುಂದೆ ಬಂದವು.

ಇಲ್ಲಿ ನಾನು ಮಾಡಿದ್ದನ್ನು ಇದ್ದ ಹಾಗೆ ಬರೆಯಬೇಕು. ಅಪ್ಪ, ಅವ್ವ ಇಬ್ಬರಿಗೂ ಕಾರಣ ಹೇಳಲಿಲ್ಲ. ಹೇಳಿದರೆ ಅಪ್ಪ ಇನ್ನಷ್ಟು ಅಂಜಿಯಾನು ಎಂದು ಭಾವಿಸಿದೆ. "ನಾಳೆ ಮುಗಿಯೂತನಕ ನೀರೂ ಬ್ಯಾಡಂತ, ಡಾಕ್ಟರ್ ಹೇಳ್ಯಾರ" ಎಂದೆ, ಅಷ್ಟೇ. ತಡಸದ ಆಕೆಗೂ ಅಷ್ಟನ್ನೇ ಹೇಳಿದ್ದರು.

ಬೆಳಿಗ್ಗೆ ಕಂಪೌಂಡರ್ ಬಂದು ಅಪ್ಪನನ್ನು ಒಳಗೆ ಕರೆದುಕೊಂಡು ಹೋದ. ಬಾಗಿಲ ಹತ್ತಿರ ನಿಂತಿರಲು ನನಗೆ ಪರವಾನಗಿ ಇತ್ತು. ಕಟ್ಟಿಗೆಯ ಮೇಜು, ಅದರ ಮೇಲೆ ರಬ್ಬರಿನ ಹಾಸು. ಅಪ್ಪ ತಾನೇ ಹತ್ತಿ ಮಲಗಿದ. ತಂತಿಯ ಜಾಳಿಗೆಯ ಮೇಲೆ ಬಿಳಿ ಬಟ್ಟೆ ಸುತ್ತಿದ ಮುಖವಾಡ ಡಾಕ್ಟರರ ಕೈಯಲ್ಲಿತ್ತು. ಕಿಟಕಿಯ ಬೆಳಕು ಅಪ್ಪನ ಮುಖದ ಮೇಲೆ ಬಿತ್ತು. ಮೀಸೆಯ ಎಡತುದಿಯಲ್ಲಿ ಒಂದು ಅನ್ನದ ಅಗುಳು ಅಂಟಿಕೊಂಡಿತ್ತು, ಇನ್ನೂ ಒಣಗಿರಲಿಲ್ಲ.

ನಾನು ಹೊರಳಿ ಹಿತ್ತಲಿನ ಕಡೆ ನೋಡಿದೆ. ಅವ್ವ ಒಲೆಯ ಪಕ್ಕ ನಿಂತಿದ್ದಳು. ತೊಳೆದ ಗಂಗಾಳವೊಂದು ಕಲ್ಲಿಗೆ ಒರಗಿತ್ತು. ಅವಳು ನನ್ನ ಕಣ್ಣು ತಪ್ಪಿಸಿದಳು.

"ಏನೂ ತಿಂದಿಲ್ಲ, ಹೌದಲ್ರಿ ಯಜಮಾನ್ರ?" ಎಂದರು ಡಾಕ್ಟರರು.

"ಇಲ್ರಿ."

ಹಾಗೆ ಹೇಳುತ್ತ ಅಪ್ಪ ನನ್ನನ್ನೇ ನೋಡುತ್ತಿದ್ದ. ಸುಮ್ಮನಿರು ಎಂಬ ನೋಟ. ಹೆಂಡತಿಯ ಮಾನ ಉಳಿಸು ಎಂಬುದು ಅದರಲ್ಲಿತ್ತು. ಇವತ್ತೇ ಮುಗಿಯಲಿ ಎಂಬುದೂ ಇತ್ತು. ಕಂಪೌಂಡರ್ ಸಣ್ಣ ಬಾಟಲಿಯ ಬೂಚು ತೆಗೆದ. ವಾಸನೆ ಬಾಗಿಲ ತನಕ ಬಂತು. ಕೊಳೆತ ಹಣ್ಣಿನ ವಾಸನೆಯೇ.

ಬಟ್ಟೆ ಮೂಗಿಗೆ ಒಂದು ಗೇಣು ಹತ್ತಿರ ಬರುವ ತನಕ ಸುಮ್ಮನಿದ್ದೆ ಎಂಬುದು ನೆನಪಿದೆ.

"ಉಂಡಾರ್ರಿ," ಎಂದೆ. "ಈಗ ಮುಂಜಾನೆ ಉಂಡಾರ."

ಡಾಕ್ಟರರು ಬಯ್ಯಲಿಲ್ಲ. ಮುಖವಾಡವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಬಟ್ಟಲಿನ ನೀರಿನಲ್ಲಿ ಕೈ ತೊಳೆದರು. "ನಾಳೆ," ಎಂದರು.

ಅಪ್ಪ ಇಳಿದು ಹೊರಗೆ ಬಂದು ಬೇವಿನ ಗಿಡದ ಬುಡದಲ್ಲಿ ಕೂತ. "ಇಡೀ ಸುಗ್ಗಿ ಧೈರ್ಯಾ ಕೂಡಿಸಿಕೊಂಡು ಬಂದಿದ್ದೆ ತಮ್ಮಾ. ಎಲ್ಲಾ ಇವತ್ತಿಗೇ ಖರ್ಚಾತು. ನಾಳಿಗೆ ಎಲ್ಲಿಂದ ತರಲಿ?"

"ಬರೇ ಹೊಟ್ಟಿಲೆ ಹ್ಯಾಂಗ ಕಳಿಸಲಿ?" ಎಂದಳು ಅವ್ವ. "ಒಂದ ವ್ಯಾಳೆ... ಹಂಗ ಆದ್ರೂ..." ಮುಂದಿನದನ್ನು ಬಾಯಲ್ಲಿ ತರಲಿಲ್ಲ.

ಆಗ ನಾನು ಇಬ್ಬರಿಗೂ ಕಾರಣ ಹೇಳಿದೆ. ತಡಸದ ರೊಟ್ಟಿಯದೂ ಹೇಳಿದೆ. ಅವ್ವ ಕೊಡದಲ್ಲಿದ್ದ ನೀರನ್ನು ಉರಿಯುವ ಒಲೆಗೆ ಸುರಿದಳು. ಆ ದಿನ ಮಧ್ಯಾಹ್ನ ಅಪ್ಪನಿಗೆ ನಾನು ಅಂಗಡಿಯಿಂದ ಮಂಡಕ್ಕಿ ತಂದುಕೊಟ್ಟೆ. ಅವ್ವ ಏನನ್ನೂ ಮುಟ್ಟಲಿಲ್ಲ.

ಮರುದಿನ ಅಪ್ಪ ಮತ್ತೆ ಅದೇ ಮೇಜು ಹತ್ತಿದ. ಹತ್ತುವಾಗ ಕಾಲು ಕೆಳಗಿಟ್ಟ ಮಣೆಯಿಂದ ಜಾರಿತು. ಕಂಪೌಂಡರ್ ಹಿಡಿದುಕೊಂಡ. ಬಟ್ಟೆ ಮುಚ್ಚಿತು, ಹನಿ ಬಿದ್ದವು.

"ಎಣಸ್ರಿ," ಎಂದರು ಡಾಕ್ಟರರು.

"ಲಾಭ," ಎಂದ ಅಪ್ಪ.

"ಎಚ್ಚರ ಹೋತ್ರಿ, ಏನೇನೋ ಮಾತಾಡಾಕತ್ತಾರ," ಎಂದ ಕಂಪೌಂಡರ್. ಅವನು ಬೇರೆ ಸೀಮೆಯವನು.

"ಇಲ್ಲ, ಇನ್ನೂ ಎಚ್ಚರ ಅದಾರ. ಕಣದಾಗ ಹಿಂಗ ಎಣಸತಾರ. ಹನಿ ಬಿಡು," ಎಂದರು ಡಾಕ್ಟರರು.

ಎರಡು. ಮೂರು. ಎಂಟರ ತನಕ ಸ್ಪಷ್ಟವಾಗಿತ್ತು. ಒಂಬತ್ತು ಅರ್ಧಕ್ಕೆ ನಿಂತಿತು. ಉಳಿದರ್ಧ ಈಗ ಬರುತ್ತದೆ ಎಂದು ನಾನು ಕಾಯುತ್ತಿದ್ದಾಗ ಬಾಗಿಲು ಹಾಕಿದರು.

ಹೊರಗೆ ತಂದಾಗ ಬಿಸಿಲು ಏರಿತ್ತು. ಮುಖ ಬೂದಿಯ ಬಣ್ಣ, ಬಾಯಿ ತೆರೆದಿತ್ತು. ಅವ್ವ ಹಾಸಿಗೆಯ ಪಕ್ಕ ಬೋಗುಣಿ ಹಿಡಿದು ಕೂತಳು. ಬಹಳ ಹೊತ್ತಿನ ಮೇಲೆ, ಕಣ್ಣು ಇನ್ನೂ ಮುಚ್ಚಿದ್ದಾಗಲೇ, ಅಪ್ಪನಿಗೆ ಓಕರಿಕೆ ಬಂತು. ಕಂಪೌಂಡರ್ ತಲೆಯನ್ನು ಪಕ್ಕಕ್ಕೆ ಹೊರಳಿಸಿದ. ಬೋಗುಣಿಗೆ ಬಿದ್ದದ್ದು ಒಂದು ಗುಟುಕು ಹಳದಿ ನೀರು, ಅಷ್ಟೇ. ಅವ್ವ ಬೋಗುಣಿಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದಳು. ಮತ್ತೆ ನೋಡಿದಳು. ಅದರಲ್ಲಿ ಒಂದು ಅಗುಳೂ ಇರಲಿಲ್ಲ.

ಎರಡು ತಿಂಗಳ ಮೇಲೆ ತಡಸದ ಆಕೆ ಅಪ್ಪನನ್ನು ಮಾತಾಡಿಸಲು ಹತ್ತಿಮತ್ತೂರಿಗೆ ಬಂದಳು. ನಾನು ಮನೆಯಲ್ಲಿದ್ದೆ. ಅಪ್ಪನ ಹತ್ತಿರ ಕೂತು ನೋವು, ಹೊಲಿಗೆ ಎಲ್ಲ ವಿಚಾರಿಸಿದಳು. ಊಟಕ್ಕೆ ಕೂತಾಗ ಅವ್ವನನ್ನು ಕೇಳಿದಳು.

"ಯಕ್ಕಾ, ಅಣ್ಣಾರಿಗೆ ಉಣ್ಣಿಸೇ ಕಳಿಸಿದ್ದಿ ಅಲ್ಲ?"

ಅಪ್ಪನ ಕೈ ತಾಟಿನಲ್ಲಿ ನಿಂತಿತು. ನಾನು ಬಾಯಿ ತೆರೆದೆ. ಅವ್ವ ನನ್ನ ಕಡೆ ನೋಡಿದಳು. ಹಾನಗಲ್ಲಿನ ಮೇಜಿನ ಮೇಲಿಂದ ಅಪ್ಪ ನೋಡಿದ್ದ ಅದೇ ನೋಟ. ಈ ಸಲ ಬಾಯಿ ಮುಚ್ಚಿದೆ.

"ಹೂಂ ತಂಗೀ," ಎಂದಳು ಅವ್ವ. "ಉಣ್ಣಿಸೇ ಕಳಿಸಿದ್ದೆ."

"ಹೌದಲ್ಲ ಮತ್ತ. ನಾನೂ ಉಣ್ಣಿಸಿದ್ದೆ. ನನ್ನ ಹಣೇಬರಹ ಬ್ಯಾರೆ ಇತ್ತು," ಎಂದು ಆಕೆ ರೊಟ್ಟಿ ಮುರಿದಳು.

ಅವ್ವ ಆಕೆಯ ತಾಟಿಗೆ ಮೊಸರು ಬಡಿಸಲು ಬಗ್ಗಿದಳು. ಆಕೆ ಸಾಕೆಂದು ಕೈ ಅಡ್ಡ ಹಿಡಿದರೂ ಇನ್ನೊಂದು ಸೌಟು ಹಾಕಿದಳು.