ಹದಿನೈದನೇ ಗುಳಿ

ನಮ್ಮೂರ ಕೋಟೆ ಪಾರ್ಕಾಗಿದೆ ಎಂದು ಕೇಳಿದಾಗಲೇ ನನಗೆ ಸಿಟ್ಟು ಬಂದಿತ್ತು. ಕುಣಿಗಲ್ ಕಡೆಯ ಸಣ್ಣ ಕೋಟೆ ಅದು. ಯಾವ ಕಾಲದಲ್ಲೋ ಗಡಿ ಕಾಯಲು ಪಾಳೇಗಾರರು ಅಲ್ಲಿ ಸೈನಿಕರನ್ನು ಇಟ್ಟಿದ್ದರಂತೆ. ನಾವು ಹುಡುಗಿಯರಾಗಿದ್ದಾಗ ಅದರೊಳಗಿನ ಹಾಸುಬಂಡೆಯ ಮೇಲೆ ಊರವರೆಲ್ಲ ರಾಗಿ ಒಣಗಿಸುತ್ತಿದ್ದರು. ಈಗ ಗೇಟು, ಟಿಕೆಟ್ಟು, ಹುಲ್ಲುಹಾಸು!

ಅಮ್ಮ ತೀರಿಕೊಂಡು ವರ್ಷ ತುಂಬಿದ ಮೇಲೆ ಸಿ.ಎಸ್. ಪುರದಿಂದ ಅಕ್ಕ ಫೋನ್ ಮಾಡಿದಳು. "ಅಮ್ಮನ ಮಣೆ ಐತೋ, ಕಿತ್ತಾಕವ್ರೋ, ನೋಡ್ಕಂಡು ಬರಣ ಕಣೇ. ಒಂದಾಟ ಆಡೇ ಬರಣ. ಹುಣಸೆ ಬೀಜ ನಾನ್ ತರ್ತೀನಿ." ನಾನು ಕ್ಯಾತ್ಸಂದ್ರದಲ್ಲಿ ಬಸ್ಸು ಹತ್ತಿದೆ.

ಅಮ್ಮನ ಮಣೆ ಎಂದರೆ ಮರದ್ದಲ್ಲ. ರಾಗಿ ಕಾಯುತ್ತ ಕೂತು, ಬೀಸುಕಲ್ಲಿಗೆ ಕಚ್ಚು ಹಾಕುವ ಚಾಣದಿಂದ ಆ ಬಂಡೆಯಲ್ಲೇ ಅವಳು ಅಳಗುಳಿ ಮಣೆ ಕೊರೆದಿದ್ದಳು. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ನಾನೋ, ಸೋತರೆ ಸಾಕು, ಒಣಹಾಕಿದ ರಾಗಿಯ ಮೇಲೇ ಬಿದ್ದು ಹೊರಳಾಡುವವಳು. ಕಾಟ ತಾಳಲಾರದೆ ಅಮ್ಮ ನನ್ನ ಕಡೆ ಇನ್ನೊಂದು ಗುಳಿ ಕೊರೆದು, "ಇದು ಅಳುಮುಂಜಿ ಗುಳಿ. ಸೋತೋರ್ಗೆ ಇದ್ರಲ್ಲಿರೋ ಬೀಜ. ತಗಾ, ಇನ್ನ ಬಾಯ್ ಮುಚ್ಕ" ಎಂದಿದ್ದಳು. ಅವತ್ತು ಅಕ್ಕನ ಮುಖ ಊದಿದ್ದು ಊದಿದ್ದೇ. ಅರವತ್ತು ದಾಟಿದರೂ, "ಅಮ್ಮಂಗೆ ನೀನಂದ್ರೇ ಹೆಚ್ಚು ಬುಡು" ಎಂದು ಆಡಿ ತೋರಿಸುತ್ತಾಳೆ.

ಮಣೆ ಇತ್ತು! ಆದರೆ ಸುತ್ತ ಸರಪಳಿ, ಪಕ್ಕದಲ್ಲಿ ಬೋರ್ಡು: 'ಕಾವಲು ಸೈನಿಕರು ಆಡುತ್ತಿದ್ದ ಅಳಗುಳಿ ಮಣೆ. ಹದಿನೈದನೇ ಗುಳಿಯ ಉದ್ದೇಶ ತಿಳಿದುಬಂದಿಲ್ಲ. ಮುಟ್ಟಬಾರದು.'

ನಾನು ಸರಪಳಿ ದಾಟಲು ಕಾಲೆತ್ತಿದ್ದೇ ತಡ, ಗಾರ್ಡ್ ಓಡಿಬಂದ. "ಅಮ್ಮಾ, ಈಚೆ ಬನ್ನಿ. ಹಳೇ ಕಾಲದ್ದು ಅಂತ ಇದೊಂದ್ನ ಉಳ್ಸವ್ರೆ. ಊರೋರು ಕೊರ್ದಿದ್ದ ಗುಂಡಿಗೆಲ್ಲ ಸಿಮೆಂಟ್ ತುಂಬ್ಸುದ್ರು."

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಇದು ನಮ್ಮಮ್ಮ ಕೊರೆದದ್ದು ಕಣಯ್ಯಾ ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಹೇಳಿದರೆ ಇದಕ್ಕೂ ಸಿಮೆಂಟು. ಹೇಳದಿದ್ದರೆ ಯಾವನೋ ಸೈನಿಕನ ಪಾಲು. ಬೀಸುಕಲ್ಲು ಯಾರ ಮನೆ ಸೇರಿತೋ, ಸೀರೆಗಳೆಲ್ಲ ಹರಿದುಹೋದವು. ಅವಳ ಕೈಯ ಗುರುತು ಎಂದು ಉಳಿದಿರುವುದು ಇದೊಂದೇ. ಅಕ್ಕನ ಮುಖ ನೋಡಿದೆ.

ಅವಳು ಬೀಜದ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಸೈನಿಕರ್ದೇ ಕಣಪ್ಪಾ. ಚೆನ್ನಾಗ್ ನೋಡ್ಕೊ" ಎಂದಳು.

"ಆ ಒಂದ್ ಗುಳಿ ಯಾಕೆ ಅಂತ ಬಂದೋರೆಲ್ಲ ಕೇಳ್ತಾರೆ. ನಿಮ್ಗೇನಾದ್ರೂ ಗೊತ್ತಾ?" ಎಂದ ಗಾರ್ಡ್.

ಅಕ್ಕ ಸರಪಳಿಯ ಮೇಲೆ ಬಗ್ಗಿ ಆ ಗುಳಿಯನ್ನು ನೋಡಿದಳು. "ಯಾರೋ ಸೈನಿಕಂಗೆ ಇಬ್ರು ಹೆಣ್ಮಕ್ಳಿದ್ರೇನೋ. ಚಿಕ್ಕೋಳು ಅಳುಮುಂಜಿ, ದೊಡ್ಡೋಳಿಗೆ ಹೊಟ್ಟೆಕಿಚ್ಚು. ಇಬ್ರನ್ನೂ ಸಾಕಕ್ಕೆ ಪಾಪ, ಏನ್ ಪಾಡು ಪಟ್ಟಿದ್ನೋ."

ನಾನು ಜನರೆದುರಿಗೇ ಗೊಳೋ ಎಂದು ಅತ್ತುಬಿಟ್ಟೆ. ಅಕ್ಕ ಗಂಟು ಬಿಚ್ಚಿ ಒಂದು ಹಿಡಿ ಹುಣಸೆ ಬೀಜ ನನ್ನ ಕೈಗೆ ಸುರಿದಳು.

"ತಗಾ, ಇನ್ನ ಬಾಯ್ ಮುಚ್ಕ."