ಇರುವೆ ಬಾರದ ಚರಗ

ಅಂದೋಲಾ ಊರಿನ ಬಾಳಮ್ಮ ಹೊಲದಲ್ಲಿ ಬುತ್ತಿ ಬಿಚ್ಚಿದರೆ ಮೊದಲು ರೊಟ್ಟಿಯ ಚೂರೊಂದನ್ನು ನೆಲಕ್ಕೆ ಹಾಕಿ ಕಾಯುತ್ತಾಳೆ. ಇರುವೆ ಬಂದು ಮುಟ್ಟಿದ ಮೇಲೆಯೇ ಅವಳ ಊಟ. ಈ ರೂಢಿ ಬಿದ್ದದ್ದು ಎಂಬತ್ತರ ದಶಕದ ಒಂದು ಎಳ್ಳಮಾವಾಸ್ಯೆಯಿಂದ.

ಆಗ ಅವಳೂ ಏಳು ತಿಂಗಳ ಬಸುರಿಯಾದ ಮಗಳು ಪ್ರಮಿಲಾಳೂ ಮಲ್ಲಣ್ಣನ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದರು. ನಯವಾದ ಅಂಗಿ ಬಟ್ಟೆಗೆ ಉದ್ದ ಎಳೆಯ ಹತ್ತಿಯೇ ಬೇಕೆಂದು ಪೇಟೆಯವರು ಕೇಳುತ್ತಿದ್ದರು. ಹಾಗಾಗಿ ಮಲ್ಲಣ್ಣ ಜವಾರಿ ಹತ್ತಿ ಬಿಟ್ಟು ಹೈಬ್ರಿಡ್ ಹಾಕಿದ್ದ. ಅದಕ್ಕೆ ಹುಳ ಹೆಚ್ಚು. ಮತ್ತೆ ಮತ್ತೆ ಎಣ್ಣೆ ಹೊಡೆಸಬೇಕು. ಊರಲ್ಲಿ ಕೀಟನಾಶಕಕ್ಕೆ ಅದೇ ಹೆಸರು.

ಹಬ್ಬದ ದಿನ ಬನ್ನಿಗಿಡದ ಬುಡದ ಕಲ್ಲುಗಳಿಗೆ ಪೂಜೆಯಾಯಿತು. ಮಲ್ಲಣ್ಣ ಸಜ್ಜೆ ರೊಟ್ಟಿ, ಕಡುಬು, ಭಜ್ಜಿ ಕಲಸಿ ಭೂಮಿತಾಯಿಗೆ ಚರಗ ಚೆಲ್ಲುತ್ತ ನಡೆದ. ಹಿಂದೆ ನೀರು ಚಿಮುಕಿಸುತ್ತ ಬಾಳಮ್ಮ. ಬೇರೆ ವರ್ಷಗಳಲ್ಲಿ ಅವರ ಬೆನ್ನಿಗೇ ಗೊರವಂಕಗಳು ಇಳಿಯುತ್ತಿದ್ದವು. ಈ ಸಲ ಒಂದೂ ಇಲ್ಲ. ತಂಬಿಗೆಯಿಂದ ಹನಿ ಬೀಳುವ ಸದ್ದೂ ಕೇಳಿಸುತ್ತಿತ್ತು.

“ಸಾವಕಾರ್ರ, ಒಂದ್ ಕಾಗಿನೂ ಬರವಲ್ದಲ್ರಿ.”

“ಅವೂ ಊರಾಗ ಹೋಳಿಗಿ ಉಣ್ಣಾಕ ಹೋಗ್ಯಾವ ಬೇ!” ಮಲ್ಲಣ್ಣ ನಕ್ಕ. ಆದರೂ ತಾಯಿಗೆ ಕಡಿಮೆಯಾಯಿತೇನೋ ಎಂದು ಇನ್ನೊಂದು ಬೊಗಸೆ ಚೆಲ್ಲಿದ.

ಮರುದಿನ ಬಿಡಿಸಲು ಹೋದಾಗ ಚರಗ ಚೆಲ್ಲಿದಲ್ಲೇ ಇತ್ತು. ಬಾಳಮ್ಮ ಕುಕ್ಕರಿಸಿ ನೋಡಿದಳು. ಕಡುಬಿನ ಬೆಲ್ಲ ಕರಿ ಮಣ್ಣಿನ ಮೇಲೆ ಹೊಳೆಯುತ್ತಿತ್ತು. ಅದಕ್ಕೂ ಒಂದೇ ಒಂದು ಇರುವೆ ಮುತ್ತಿರಲಿಲ್ಲ. ಸಾಲಿನಾಚೆ ಗೊರವಂಕವೊಂದು ಕಾಲು ಮೇಲಾಗಿ ಬಿದ್ದಿತ್ತು. ಅದು ಎಣ್ಣೆಯಿಂದಲೇ ಸತ್ತಿತೇ ಎಂದು ಯಾರೂ ಪರೀಕ್ಷಿಸಲಿಲ್ಲ.

ತಲೆಯೆತ್ತಿದರೆ ಎದುರಿಗೆ ಪ್ರಮಿಲಾ. ಸೆರಗನ್ನು ಉಡಿ ಕಟ್ಟಿ ತುಂಬಿದ ಹತ್ತಿ ಅವಳ ಹೊಟ್ಟೆಗೆ ಒತ್ತಿಕೊಂಡಿತ್ತು.

“ಉಡಿ ಬಿಚ್ಚು ಬೇ.”

“ಇನ್ನಾ ತುಂಬಿಲ್ಲವ್ವ.”

“ಬಿಚ್ಚಂದ್ರ ಬಿಚ್ಚು! ಇರುವಿ ಒಲ್ಲದ ನೆಲದಾಗ ಕೂಸಿನ ಮ್ಯಾಲ ಏನ್ ಹೊತ್ತೀದಿ?”

ತಾನೇ ಗಂಟು ಎಳೆದಳು. ಹತ್ತಿ ಸದ್ದಿಲ್ಲದೆ ನೆಲಕ್ಕಿಳಿಯಿತು.

ಮಲ್ಲಣ್ಣ ಓಡಿಬಂದ. “ಹುಚ್ಚ ಹಿಡದದೇನ್ ನಿನಗ? ನಾಳಿ ಲಾರಿ ಬರ್ತದ!”

ಬಾಳಮ್ಮ ಮಗಳ ಕೈಹಿಡಿದು ಬದುವಿನತ್ತ ನಡೆದಳು. ಅವನು ಬಿದ್ದ ಹತ್ತಿಯ ಧೂಳು ಕೊಡವಿ ಚೀಲಕ್ಕೆ ತುಂಬಿದ. ನೋಡಲು ಅದು ಅಚ್ಚ ಬಿಳಿ.

ಅಂದಿನಿಂದ ಇಬ್ಬರ ಕೂಲಿ ಜೋಳದ ಹೊಲಗಳಲ್ಲಷ್ಟೇ. ಹೋಳಿಯ ಹೊತ್ತಿಗೆ ಪ್ರಮಿಲಾಳ ಹೆರಿಗೆಯಾಯಿತು. ಕೂಸು ತಡಮಾಡಿ ಅತ್ತಿತು. ಅಷ್ಟು ಹೊತ್ತೂ ಬಾಳಮ್ಮನಿಗೆ ಕೇಳಿಸಿದ್ದು ಆ ಹತ್ತಿ ಹೊಲದ ಮೌನ.